ಕೌದಿಯ ಹೊಟ್ಟೆ

ಲಿಂಡೆನ್‌ಬಾಖ್, ಜರ್ಮನಿ
15 ಅಕ್ಟೋಬರ್ 2023

ಪ್ರೀತಿಯ ಸಕ್ಕೂ ಅತ್ತೆಗೆ,

ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು ಗಜೇಂದ್ರಗಡದ ನಮ್ಮ ಓಣಿಗೆಲ್ಲ ಕೇಳಿಸಿತಂತೆ, ನಿನಗೊಬ್ಬಳಿಗೆ ಕೇಳಿಸಲಿಲ್ಲವಂತೆ. ನಲವತ್ತು ವರ್ಷ ಮಗ್ಗದ ಸಪ್ಪಳ ಕೇಳಿದ ಕಿವಿಗೆ ನನ್ನ ದನಿ ಎಲ್ಲಿ ಸಾಲಬೇಕು! "ಇನ್ನ ಮ್ಯಾಲೆ ಪತ್ರಾನ ಬರಿಲಿ, ಸಾಲ್ಯಾಗ ಕಲಿಸಿದಂಗ ಚಂದಾಗಿ ಬರಿಲಿ" ಎಂದು ಪಕ್ಕದ ಮನೆಯ ಹೀನಾಳಿಂದ ಹೇಳಿ ಕಳಿಸಿದ್ದಿ. ಅಪ್ಪಣೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸು.

ನನ್ನ ಕೆಲಸ ವಯಸ್ಸಾದವರ ಆರೈಕೆ ಮನೆಯಲ್ಲಿ. ನರ್ಸಿಂಗ್ ಓದಿದ್ದಕ್ಕೆ ಇಲ್ಲಿ ಬೆಲೆ ಇದೆ, ಆದರೆ ಮೊದಲ ಆರು ತಿಂಗಳು ಪರೀಕ್ಷೆ. ಮಾರ್ಚ್ ಕೊನೆಗೆ ಮೇಲ್ವಿಚಾರಕಿ ಬ್ರಾಂಟ್ ಮೇಡಂ ಹೂಂ ಎಂದರೆ ಇರುವುದು, ಊಹೂಂ ಎಂದರೆ ಗಂಟುಮೂಟೆ ಕಟ್ಟುವುದು. ಮೂರು ವರ್ಷ ಜರ್ಮನ್ ಭಾಷೆ ಉರುಹೊಡೆದು ಬಂದವಳು ನಾನು. ಈ ಕೆಲಸ ನನಗೆ ಬೇಕು ಅತ್ತೆ.

ಹನ್ನೆರಡನೇ ಕೋಣೆಯಲ್ಲಿ ಹೆಡ್ವಿಗ್ ಎಂಬ ಅಜ್ಜಿ ಇದ್ದಾರೆ. ಎಂಬತ್ತೈದು ವರ್ಷ. ಇಲ್ಲಿಯವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಅವರು ನಿನ್ನ ಕಣ್ಣಿಗೆ ಕಾಣುವುದಿಲ್ಲ. ಅಜ್ಜಿ ದಿನಾ ತಮ್ಮ ತಟ್ಟೆಯಿಂದ ಒಂದು ತುಂಡು ಬ್ರೆಡ್ಡು ಎತ್ತಿಟ್ಟು, ಕಾಗದದಲ್ಲಿ ಸುತ್ತಿ, ನನ್ನ ಕೈಗೆ ತುರುಕುತ್ತಾರೆ. "ತಿನ್ನವ್ವಾ, ನಿಮ್ಮ ದೇಶದಾಗ ಹಸಿವು ಭಾಳ." ನನಗೆ ಮೈಯೆಲ್ಲ ಉರಿಯುತ್ತದೆ. ಬೇಡ ಬೇಡ ಎಂದರೂ ಇನ್ನೊಂದು ರೊಟ್ಟಿ ಹಾಕುವ ಊರಿನಿಂದ ಬಂದವಳಿಗೆ ಈ ಮಾತೇ? ನಗುತ್ತಲೇ ಇಸಿದುಕೊಂಡು, ಹೊರಗೆ ಹಕ್ಕಿಗಳಿಗೆ ಹಾಕುತ್ತೇನೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮೂರ ಹೆಸರಿನ ಅರ್ಥ ಕೇಳಿದರು. ಗಜೇಂದ್ರನ, ಅಂದರೆ ಆನೆಗಳ ಅರಸನ, ಕೋಟೆ ಎಂದೆ. "ಹಂಗಾರ ಆನಿ ಎಷ್ಟು ಅದಾವು?" ಒಂದೂ ಇಲ್ಲ ಎಂದೆ. ಆ ಮುಖ ಬಾಡಿದ್ದು ನೋಡಲಾಗಲಿಲ್ಲ. "ಒಂದೈತಿ" ಎಂದುಬಿಟ್ಟೆ. ಹೆಸರೇನು ಎಂದರು. ಬಾಯಿಗೆ ಬಂದದ್ದು ನಮ್ಮ ಮಾಮಾನ ಹೆಸರು, ರಾಯಣ್ಣ. ಏನು ಮಾಡುತ್ತದೆ ಎಂದರು. ಬೆಳಿಗ್ಗೆ ಎದ್ದು ಚಹಾ ಕುಡಿಯುತ್ತದೆ ಎಂದೆ. ಮಾಮಾನಿಗೆ ಹೇಳಬೇಡ.

ನಿನ್ನ
ದ್ರಾಕ್ಷಾಯಣಿ


ಗಜೇಂದ್ರಗಡ
3 ನವೆಂಬರ್ 2023

ಚಿ. ದ್ರಾಕ್ಷಾಯಣಿಗೆ ಅತ್ತೆಯ ಆಶೀರ್ವಾದ.

ನಾವು ಆರಾಮ, ಮಗ್ಗ ಆರಾಮ, ನಿನ್ನ ಅಪ್ಪ ಮುತ್ತಣ್ಣ ಅಬ್ಬಿಗೇರಿಯ ಹೊಲದಲ್ಲಿ ಕಡಲೆ ಬಿತ್ತಿ ಬಂದು ಆರಾಮ. ನಿನ್ನ ಪತ್ರದಲ್ಲಿ ಎರಡೇ ತಪ್ಪು. ಶಹಬ್ಬಾಸ್.

ಹೇಳಬೇಡ ಎಂದ ಮಾತನ್ನು ಹೇಳಿಬಿಟ್ಟೆ. ನಿನ್ನ ಮಾಮಾ ಸಿಟ್ಟಾಗುತ್ತಾನೆ ಎಂದುಕೊಂಡರೆ ಎರಡು ದಿನ ಎದೆ ಉಬ್ಬಿಸಿಕೊಂಡು ಬಜಾರಿನಲ್ಲಿ ಅಡ್ಡಾಡಿದ. "ಜರ್ಮನಿಯೊಳಗ ನನ್ನ ಹೆಸರು ಆನಿಗೆ ಇಟ್ಟಾರ" ಎಂದು ಚಹಾದಂಗಡಿಯಲ್ಲೆಲ್ಲ ಹೇಳಿದ. ಆನೆಯಷ್ಟೇ ತಿನ್ನುತ್ತಾನೆ, ಕೆಲಸ ಮಾತ್ರ ಇಲಿಯಷ್ಟು.

ಆದರೆ ಸುಳ್ಳು ಯಾಕೆ ಹೇಳಿದಿ ಹುಡುಗಿ? ಹೇಳಿಕೊಳ್ಳಲು ಖರೇ ಇದ್ದದ್ದೇ ಬೇಕಾದಷ್ಟಿದೆ. ನಮ್ಮ ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದೇ ಕುಣಿಕೆ ಹಾಕಿ ಹೇಗೆ ಕೂಡಿಸುತ್ತೇವೆ, ಅದನ್ನು ಹೇಳು. ಬಡಿದ ರೊಟ್ಟಿ ಎತ್ತಿ ಹಿಡಿದರೆ ಆಚೆ ಬದಿಯ ಬೆಳಕು ಕಾಣುತ್ತದೆ, ಅದನ್ನು ಹೇಳು. ನಮ್ಮ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಪಂಖಗಳಿವೆ. ಫೋಟೋ ಇಟ್ಟಿದ್ದೇನೆ, ತೋರಿಸು.

ಆ ಹೆಡ್ವಿಗಮ್ಮನ ಮಕ್ಕಳು ಎಲ್ಲಿ? ಸಂಜೆ ಆಕೆ ಏನು ಉಣ್ಣುತ್ತಾಳೆ? ಅದನ್ನು ನೀನು ಬರೆಯಲೇ ಇಲ್ಲ.

ಸಕ್ಕೂಬಾಯಿ


ಲಿಂಡೆನ್‌ಬಾಖ್
26 ನವೆಂಬರ್ 2023

ಪ್ರೀತಿಯ ಅತ್ತೆಗೆ,

ಫೋಟೋ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ಇವು ನಮ್ಮ ದೇಶದ ಪಂಖಾ. ನನಗ ಮೋಸ ಮಾಡಬ್ಯಾಡ" ಎಂದರು. ಆನೆಯನ್ನು ನಂಬಿದವರು ಗಾಳಿಪಂಖ ನಂಬಲಿಲ್ಲ ನೋಡು. ಸುಳ್ಳು ಹೇಳಿದ್ದಕ್ಕೆ ನನಗೆ ಸರಿಯಾದ ಶಾಸ್ತಿ. ದಿನವೂ ರಾಯಣ್ಣ ಚಹಾ ಕುಡಿಯಿತೇ ಎಂದು ಕೇಳುತ್ತಾರೆ.

ಅವರಿಗೆ ಒಬ್ಬ ಮಗ. ದೂರದೂರಿನಲ್ಲಿದ್ದಾನೆ, ಕ್ರಿಸ್‌ಮಸ್ಸಿಗೆ ಬರುತ್ತಾನೆ. ಸಂಜೆಯ ಊಟ ಇಲ್ಲಿ ಎಲ್ಲರದೂ ತಣ್ಣಗಿನದೇ: ಕಪ್ಪು ಬ್ರೆಡ್ಡು, ಅದರ ಮೇಲೊಂದಿಷ್ಟು ಚೀಸು. ಒಲೆ ಹಚ್ಚುವುದಿಲ್ಲ. ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಇದೆಲ್ಲ ಇಲ್ಲಿಯ ಪದ್ಧತಿ, ಯಾರೂ ಇದಕ್ಕೆ ಅಳುವುದಿಲ್ಲ.

ಅಜ್ಜಿ, ಅವರ ಗೆಳತಿಯರು ಸೇರಿ ನಿನಗೊಂದು ಪಾರ್ಸೆಲ್ ಕಳಿಸಿದ್ದಾರೆ. ಪ್ರೀತಿಯಿಂದ ಕಳಿಸಿದ್ದು. ಹೆಚ್ಚೇನೂ ಕೇಳಬೇಡ, ಇಟ್ಟುಕೋ.

ದ್ರಾಕ್ಷಾಯಣಿ


ಗಜೇಂದ್ರಗಡ
28 ಡಿಸೆಂಬರ್ 2023

ಚಿ. ದ್ರಾಕ್ಷಾಯಣಿಗೆ,

ಪಾರ್ಸೆಲ್ ಬಂತು. ಓಣಿಯ ಹೆಂಗಸರೆಲ್ಲ ಸೇರಿದ ಮೇಲೇ ಬಿಚ್ಚಿದೆ. ಎರಡು ಸ್ವೆಟರ್, ಹಾಕಿ ಬಿಟ್ಟವು, ಮೊಣಕೈಗೆ ಹೊಲಿಗೆ ಹಾಕಿದವು. ಕಾಲುಚೀಲ. ಸಾಬೂನು. ಪೆನ್ಸಿಲ್ಲು. ಒಂದು ಬಿಸ್ಕತ್ತಿನ ಪುಡಿಕೆ, ದಾರಿಯಲ್ಲಿ ಪುಡಿಯೇ ಆದದ್ದು. ಜೊತೆಗೆ ಚಂದದ ಅಕ್ಷರದಲ್ಲಿ ಒಂದು ಚೀಟಿ. ಓದಲು ಬರಲಿಲ್ಲ, ಮಗ್ಗದ ಮೇಲಿನ ಗೋಡೆಗೆ ಹಚ್ಚಿದ್ದೇನೆ.

ಸ್ವೆಟರ್ ಕೈಯಿಂದ ಕೈಗೆ ಹೋಯಿತು. ಆಮೇಲೆ ಹೀನಾ ಅಂದಳು: "ತನ್ನ ಮೈಮ್ಯಾಲಿಂದ ತಗದು ಕಳಿಸ್ಯಾಳಲ್ರಿ ಚಿಗವ್ವಾ. ಆಕಿಗೇ ಇದ್ದಿದ್ದಿಲ್ಲ ಅನಸ್ತೈತಿ." ಖರೇ ಅನ್ನಿಸಿತು. ಸಂಜೆ ಬಿಸಿ ತುತ್ತಿಲ್ಲ, ನಾಲ್ಕೂವರೆಗೆ ಕತ್ತಲು, ಮಗ ವರ್ಷಕ್ಕೊಮ್ಮೆ, ಇರಲು ಒಂದೇ ಕೋಣೆ. ಜರ್ಮನಿ ಇಷ್ಟು ಬಡ ದೇಶ ಎಂದು ನೀನು ಮೊದಲೇ ಹೇಳಬಾರದಾಗಿತ್ತೇ? ನಾವು ಕಾರು ಮಾಡುವ ದೇಶ ಎಂದುಕೊಂಡಿದ್ದೆವು. ಮ್ಯಾಲೆ ಬಸಪ್ಪ ಒಳಗೆ ವಿಷಪ್ಪ ಅನ್ನುವ ಹಾಗಲ್ಲ, ಪಾಪ, ಮ್ಯಾಲೆ ಥಳಕು ಒಳಗೆ ಹುಳುಕು.

ಬಂದ ಡಬ್ಬಿಯನ್ನು ಖಾಲಿ ಕಳಿಸುವುದು ನಮ್ಮ ಓಣಿಯಲ್ಲಿಲ್ಲ, ನಿನಗೇ ಗೊತ್ತು. ಹೆಡ್ವಿಗಮ್ಮನಿಗೆ ಒಂದು ಕೌದಿ ಹೊಲಿಯುತ್ತಿದ್ದೇವೆ. ಏಳು ಮನೆಯಿಂದ ಏಳು ಹಳೆಯ ಸೀರೆ ಬಂದಿವೆ, ನಡುವೆ ನನ್ನ ಮದುವೆಯ ಸೀರೆಯ ಸೆರಗು. ಜೊತೆಗೆ ಒಂದು ಸ್ಟೀಲಿನ ಡಬ್ಬಿಯ ತುಂಬ ಸಂಕ್ರಾಂತಿಯ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

ಸಕ್ಕೂಬಾಯಿ


ಲಿಂಡೆನ್‌ಬಾಖ್
11 ಜನವರಿ 2024

ಅತ್ತೆ,

ದಯವಿಟ್ಟು ಏನೂ ಕಳಿಸಬೇಡ!

ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಇವರು ಬಡವರಲ್ಲ. ಹೆಡ್ವಿಗ್ ಅಜ್ಜಿ ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವರು, ಪೆನ್ಷನ್ ಬರುತ್ತದೆ. ಅದು ಇಲ್ಲಿಯವರು ಪ್ರತಿ ಕ್ರಿಸ್‌ಮಸ್ಸಿಗೆ ದೂರದೇಶದ ಬಡವರಿಗೆ ಕಳಿಸುವ ಪೆಟ್ಟಿಗೆ. ಈ ಸಲ ಯಾರಿಗೆ ಎಂದು ಕೇಳಿದಾಗ ಅಜ್ಜಿ "ನಮ್ಮ ದ್ರಾಕ್ಷಾಯಣಿಯ ಮಂದಿಗೆ" ಎಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮಗ್ಗದ ಮೇಲೆ ನೀನು ಹಚ್ಚಿದ ಚೀಟಿಯಲ್ಲಿ ಬರೆದಿರುವುದು "ಭಾರತದ ಬಡವರಿಗೆ" ಎಂದು. ಕಿತ್ತು ಒಲೆಗೆ ಹಾಕು. ನನಗೆ ನಾಚಿಕೆಯಿಂದ ನಿದ್ದೆ ಬರುತ್ತಿಲ್ಲ.

ಪರೀಕ್ಷೆಯ ಅವಧಿಯಲ್ಲಿ ಬ್ರಾಂಟ್ ಮೇಡಂ ಕಣ್ಣು ನನ್ನ ಮೇಲೇ ಇದೆ. ಹೊರಗಿನಿಂದ ಹಾಸಿಗೆ ಹೊದಿಕೆ ಬಂದರೆ ನೂರು ಪ್ರಶ್ನೆ. ಕೌದಿ ಅಲ್ಲೇ ಇರಲಿ.

ದ್ರಾಕ್ಷಾಯಣಿ


ಗಜೇಂದ್ರಗಡ
24 ಜನವರಿ 2024

ಚಿ. ದ್ರಾಕ್ಷಾಯಣಿಗೆ,

ನಿನ್ನ ಪತ್ರ ನಿನ್ನೆ ಬಂತು. ಕೌದಿ ಹದಿನಾರಕ್ಕೇ ಹೋಯಿತು. ಇನ್ನು ನೀನು ರೆಕ್ಕೆ ಕಟ್ಟಿಕೊಂಡು ಹಾರಿದರೂ ಹಿಡಿಯಲಾರೆ.

ಚೀಟಿಯಲ್ಲಿ ಏನಿದೆ ಎಂದು ನೀನು ತಿಳಿಸಿದಾಗ ಸಿಟ್ಟು ಬಂದದ್ದು ಹೌದು. ಬಡವರಂತೆ! ಇಟಗಿಯ ಭೀಮಮ್ಮನ ಗುಡಿಗೆ ಹೋಗುವವರಿಗೆ ವರ್ಷವರ್ಷ ದಾರಿಯಲ್ಲಿ ನಿಂತು ರೊಟ್ಟಿ ಕೊಡುವ ಕೈ ಇದು. ಒಂದು ಹೊತ್ತು ಮಗ್ಗಕ್ಕೆ ಕೂಡಲಿಲ್ಲ. ಮಧ್ಯಾಹ್ನ ಹೀನಾ ಬಂದು, "ಚಿಗವ್ವಾ, ನಾವೂ ಆಕಿಗೆ ಬಡವಿ ಅಂದ್ವಿ, ಆಕಿನೂ ನಮಗ ಬಡವರು ಅಂದ್ಲು. ಲೆಕ್ಕ ಚುಕ್ತಾ ಆತಲ್ರಿ" ಎಂದಳು. ನಕ್ಕು ನಕ್ಕು ನನ್ನ ಸಿಟ್ಟು ಹೋಯಿತು.

ಚೀಟಿ ಒಲೆಗೆ ಹಾಕುವುದಿಲ್ಲ. ಅಕ್ಷರ ಚಂದ ಇದೆ. ಕೊಟ್ಟ ಕೈ ಮೇಲು, ಇಸಿದುಕೊಂಡ ಕೈ ಕೆಳಗು ಎಂದು ಎಣಿಸುತ್ತಾ ಕೂತರೆ ಓಣಿ ಬಾಳುವೆ ಆಗುವುದಿಲ್ಲ. ಡಬ್ಬಿ ಬರುತ್ತದೆ, ಡಬ್ಬಿ ಹೋಗುತ್ತದೆ, ಅಷ್ಟೇ.

ನಿನಗೆ ಯಾತರ ನಾಚಿಕೆ? ಅದು ತಿಳಿಯಲಿಲ್ಲ.

ಸಕ್ಕೂಬಾಯಿ


ಲಿಂಡೆನ್‌ಬಾಖ್
12 ಫೆಬ್ರುವರಿ 2024

ಪ್ರೀತಿಯ ಅತ್ತೆಗೆ,

ಕೌದಿ ಬಂತು. ಚೆನ್ನಾಗಿದೆ. ರೊಟ್ಟಿ ಮುರಿಯದೆ ಬಂದಿವೆ. ಅಜ್ಜಿ ಸಂತೋಷಪಟ್ಟರು. ಇಲ್ಲಿ ಚಳಿ. ಕೆಲಸ ಬಹಳ. ಎಲ್ಲರನ್ನೂ ಕೇಳಿದೆನೆಂದು ಹೇಳು.

ದ್ರಾಕ್ಷಾಯಣಿ


ಗಜೇಂದ್ರಗಡ
26 ಫೆಬ್ರುವರಿ 2024

ಚಿ. ದ್ರಾಕ್ಷಾಯಣಿಗೆ,

ಕಿವಿ ಮಂದವಾದವರಿಗೆ ಕಣ್ಣು ಚುರುಕು. ಎರಡು ಪುಟ ಬರೆಯುವವಳು ನಾಲ್ಕು ಸಾಲು ಬರೆದರೆ ಆ ನಾಲ್ಕು ಸಾಲಿನ ಕೆಳಗೆ ಏನೋ ಇದೆ. "ಚೆನ್ನಾಗಿದೆ" ಎಂದು ಬರೆದಿದ್ದಿ. ನಮ್ಮ ಮನೆಯ ಹುಡುಗಿ ಕೌದಿಗೆ ಬರೀ ಚೆನ್ನಾಗಿದೆ ಎನ್ನುವುದಿಲ್ಲ. ಯಾವ ತುಂಡು ಯಾರ ಸೀರೆ ಎಂದು ಕೇಳುತ್ತಾಳೆ.

ಏನಾಗಿದೆ ಎಂದು ಕೇಳುವುದಿಲ್ಲ. ಬೇಕಾದಾಗ ಹೇಳು. ಆದರೆ ಹೆಡ್ವಿಗಮ್ಮನಿಗೆ ಒಂದು ಮಾತು ಬರೆಯುತ್ತೇನೆ, ಒಂದಕ್ಷರ ಬಿಡದೆ ಓದಿ ಹೇಳು:

ಅಮ್ಮಾ, ನೀವು ಕಳಿಸಿದ ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಮೊಣಕೈಯ ಹೊಲಿಗೆ ನಿಮ್ಮದೇ ಇರಬೇಕು, ಬಹಳ ನೇರ ಇದೆ. ಕೌದಿಯ ಒಂದು ಮೂಲೆಯಲ್ಲಿ ಕೈಗೆ ಗಟ್ಟಿ ಹತ್ತುತ್ತದೆ, ಹೆದರಬೇಡಿ. ಅದು ಸಜ್ಜೆ ರೊಟ್ಟಿಯ ಚೂರು. ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತೇವೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರು ಹಸಿದು ಮಲಗುವುದಿಲ್ಲ ಎಂದು ನಂಬಿಕೆ. ನಮ್ಮವ್ವ ಇಟ್ಟಳು, ನಾನೂ ಇಟ್ಟೆ. ದ್ರಾಕ್ಷಾಯಣಿ ಸಣ್ಣವಳಿದ್ದಾಗ ಆ ಮೂಲೆ ಬಿಚ್ಚಿ ರೊಟ್ಟಿ ತಿಂದು ಬೈಸಿಕೊಂಡಿದ್ದಳು, ಕೇಳಿ ನೋಡಿ.

ಇಷ್ಟು ಓದು. ನಗದೆ ಓದು.

ಸಕ್ಕೂಬಾಯಿ


ಲಿಂಡೆನ್‌ಬಾಖ್
29 ಮಾರ್ಚ್ 2024

ಪ್ರೀತಿಯ ಅತ್ತೆಗೆ,

ಇದು ಉದ್ದನೆಯ ಪತ್ರ. ಕೆಂಪು ಶಾಯಿ ತೆಗೆದಿಟ್ಟುಕೋ.

ಕೌದಿ ಬಂದ ದಿನ ಅಜ್ಜಿ ಅದನ್ನು ಹೊದ್ದು, ನಿನ್ನ ಸೆರಗಿನ ಕೆಂಪು ಸವರುತ್ತಾ ಕೂತರು. ಮರುದಿನ ಹಾಸಿಗೆ ಸರಿಪಡಿಸುವಾಗ ಬ್ರಾಂಟ್ ಮೇಡಂ ಕೈಗೆ ಆ ಮೂಲೆ ಹತ್ತಿತು. "ಇದರಾಗ ಏನೈತಿ?"

ನನಗೆ ಆ ಕ್ಷಣವೇ ಗೊತ್ತಾಯಿತು ಅತ್ತೆ. ಆ ಮೂಲೆ ಬಿಚ್ಚಿ ತಿಂದವಳು ನಾನೇ ಅಲ್ಲವೇ? ಆದರೂ "ಗೊತ್ತಿಲ್ಲ" ಎಂದೆ. ಹೊದಿಕೆಯೊಳಗೆ ರೊಟ್ಟಿ ಎಂದರೆ ಇವರು ಏನೆಂದುಕೊಂಡಾರು? ಹಸಿದ ದೇಶದವರು, ಹಾಸಿಗೆಯಲ್ಲೂ ಊಟ ಮುಚ್ಚಿಡುತ್ತಾರೆ ಎಂದುಕೊಂಡಾರು. ನನಗೆ ಯಾತರ ನಾಚಿಕೆ ಎಂದು ನೀನು ಕೇಳಿದ್ದೆಯಲ್ಲ, ಇದೇ.

ಗೊತ್ತಿಲ್ಲ ಎಂದದ್ದೇ ಉರುಳಾಯಿತು. ಜೊತೆ ಕೆಲಸದವಳೊಬ್ಬಳು ಇದು ಭಾರತದ ಮಾಟ ಎಂದಳು. ಇನ್ನೊಬ್ಬ ಅದಕ್ಕಿಂತ ಕೆಟ್ಟದ್ದು ಹೇಳಿದ, ಮಾದಕ ವಸ್ತು ಇರಬಹುದೆಂದು. ಮೇಡಂ ಕೌದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕಪಾಟಿಗೆ ಬೀಗ ಜಡಿದು, ನನ್ನ ಕಡತದಲ್ಲಿ "ಗುರುತು ಸಿಗದ ವಸ್ತು" ಎಂದು ಬರೆದರು. ಸುಮ್ಮನೆ ಬಿಚ್ಚಿ ನೋಡಬಹುದಿತ್ತಲ್ಲ ಎನ್ನುವಿ. ಅಜ್ಜಿಯ ಆಸ್ತಿ ಕತ್ತರಿಸಲು ಅವರ ಮಗನ ಒಪ್ಪಿಗೆ ಬೇಕು, ಅವನು ಪತ್ರಕ್ಕೆ ಉತ್ತರಿಸಲಿಲ್ಲ. ಇತ್ತ ಅಜ್ಜಿ ದಿನವೂ "ನನ್ನ ಹೊದಿಕಿ ಎಲ್ಲಿ?" ಎಂದು ಕೇಳಿದರೆ ನಾನು "ಒಗ್ಯಾಕ ಹೋಗೈತಿ" ಎನ್ನುತ್ತಿದ್ದೆ. ತಿಂಗಳಿಡೀ ಒಗೆಯುವ ಕೌದಿ ಯಾವುದು!

ಅಷ್ಟರಲ್ಲಿ ನಿನ್ನ ಪತ್ರ ಬಂತು. ಮೆಟ್ಟಿಲ ಮೇಲೆ ಕೂತು ಓದಿದೆ, ಎದ್ದು ನೇರ ಬ್ರಾಂಟ್ ಮೇಡಂ ಹತ್ತಿರ ಹೋದೆ. "ನನಗ ಮೊದಲ ಗೊತ್ತಿತ್ರಿ. ನಾಚಿಕಿ ಆಗಿ ಸುಳ್ಳು ಹೇಳಿದೆ" ಎಂದೆ. ಅವರು ಬೀಗದ ಕೈ ತೆಗೆದುಕೊಂಡು, ಕೌದಿ ಹಿಡಿದು, ನನ್ನ ಜೊತೆ ಹನ್ನೆರಡನೇ ಕೋಣೆಗೆ ಬಂದರು. ನಾನು ನಿನ್ನ ಮಾತನ್ನು ಜರ್ಮನ್‌ನಲ್ಲಿ ಓದಿದೆ. ಒಂದಕ್ಷರ ಬಿಡಲಿಲ್ಲ, ನಗಲಿಲ್ಲ.

ಅಜ್ಜಿ ಆ ಮೂಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಆಮೇಲೆ ಮಂಚದ ಪಕ್ಕದ ಕಪಾಟಿನ ಕೆಳಗಿನ ಖಾನೆ ಎಳೆದರು. ಕಾಗದದಲ್ಲಿ ಸುತ್ತಿದ ಬ್ರೆಡ್ಡಿನ ತುಂಡುಗಳು, ಸಾಲಾಗಿ, ಒಣಗಿದವು. ವಾರಕ್ಕೊಮ್ಮೆ ನಾವು ಅವನ್ನು ಕಸಕ್ಕೆ ಹಾಕುತ್ತಿದ್ದೆವು. ವಯಸ್ಸಿಗೆ ಮರೆವು ಬಂದಿದೆ ಎನ್ನುತ್ತಿದ್ದೆವು. ಮರೆವಲ್ಲ ಅತ್ತೆ.

"ನನಗ ಆರು ತುಂಬಿದ್ವು" ಎಂದರು. "ಲಡಾಯಿ. ಊರು ಬಿಟ್ಟು ಹಿಮದಾಗ ನಡಕೋತ ಬಂದ್ವಿ. ನಮ್ಮವ್ವ ನನ್ನ ಕೋಟಿನ ಅಂಚು ಬಿಚ್ಚಿ, ಒಳಗ ಒಣಾ ಬ್ರೆಡ್ಡು ಇಟ್ಟು ಹೊಲದಿದ್ಲು. ಕಿಸೇದಾಗ ಇದ್ರ ಕಸಗೋತಾರ, ಅಂಚಿನ್ಯಾಗ ಯಾರೂ ನೋಡೂದಿಲ್ಲ ಅಂತ. ಹನ್ನೊಂದು ದಿನ ಅದನ್ನ ತಿಂದು ಬದುಕಿದೆ." ಆಮೇಲೆ ನನ್ನ ಕೈ ಹಿಡಿದು, "ಇವರಿಗ್ಯಾರಿಗೂ ನಾ ಬ್ರೆಡ್ಡು ಕೊಡೂದಿಲ್ಲ. ಹಸಿವು ಅಂದ್ರ ಏನಂತ ನಿನಗಷ್ಟ ಗೊತ್ತಿರತೈತಿ ಅಂತ ಕೊಡ್ತಿದ್ದೆ" ಎಂದರು.

ಆ ಬ್ರೆಡ್ಡನ್ನು ನಾನು ಹಕ್ಕಿಗೆ ಹಾಕುತ್ತಿದ್ದೆ. ನಿನಗೆ ಬರೆಯುವಾಗಲೂ ಅಳು ಬರುತ್ತಿದೆ. ಅಲ್ಲೇ ಅವರ ಮುಂದೆ ಒಂದು ತುಂಡು ತಿಂದೆ. ಕಲ್ಲಿನಂತಿತ್ತು. ಬಿಡಲಿಲ್ಲ.

ಆ ಅಳುವಿನ ರಭಸದಲ್ಲೇ ಆನೆಯ ಸುಳ್ಳನ್ನೂ ಒಪ್ಪಿಕೊಂಡೆ: ರಾಯಣ್ಣ ಆನೆಯಲ್ಲ, ನನ್ನ ಮಾಮಾ ಎಂದು. ಅಜ್ಜಿ ಕಣ್ಣೊರೆಸಿಕೊಂಡು, "ಅದು ಆವತ್ತ ಗೊತ್ತಾತು. ಯಾವ ಆನಿ ಮುಂಜಾನೆದ್ದು ಚಾ ಕುಡಿತೈತಿ?" ಎಂದರು. ಬ್ರಾಂಟ್ ಮೇಡಂ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ.

ಮೇಡಂ ಕಡತ ತರಿಸಿ "ಗುರುತು ಸಿಗದ ವಸ್ತು" ಎಂಬುದನ್ನು ಹೊಡೆದುಹಾಕಿದರು. ರೊಟ್ಟಿ ಎಂದು ಹೇಗೆ ಬರೆಯುವುದು ಎಂದು ನನ್ನನ್ನೇ ಕೇಳಿ ಬರೆದರು. ಕೌದಿಗೆ ಒಂದು ಬಿಳಿ ಗವಸು ಹಾಕಿಸಿದ್ದಾರೆ, ಅಷ್ಟೇ ಷರತ್ತು. ಖಾನೆಯಲ್ಲಿನ ಬ್ರೆಡ್ಡಿಗೆ ಮುಚ್ಚಳದ ಡಬ್ಬಿ ಬಂದಿದೆ, ಈಗ ಯಾರೂ ಎಸೆಯುವುದಿಲ್ಲ.

ನಿನ್ನೆ ನನ್ನನ್ನು ಕರೆದರು. "ನೀ ಸುಳ್ಳು ಹೇಳಿದ್ದು ಬರದೀನಿ, ತಾನಾಗೇ ಬಂದು ಖರೇ ಹೇಳಿದ್ದೂ ಬರದೀನಿ. ಹೇಳಾಕ ಮನಸ್ಸಿಲ್ಲಂದ್ರ ಮನಸ್ಸಿಲ್ಲ ಅನ್ನು, ಗೊತ್ತಿಲ್ಲ ಅನಬ್ಯಾಡ. ನಾಳೆ ಎಂದಿನಂಗ ಕೆಲಸಕ್ಕ ಬಾ" ಎಂದರು.

ನಾನು ಇಲ್ಲೇ ಇರುತ್ತೇನೆ ಅತ್ತೆ. ಕೆಲಸ ಉಳಿಯಿತು.

ನಿನ್ನ ಸ್ಟೀಲಿನ ಡಬ್ಬಿಯನ್ನು ಹೆಡ್ವಿಗ್ ಅಜ್ಜಿಯೇ ತುಂಬಿ ಕಳಿಸುತ್ತಿದ್ದಾರೆ. ಏನಿಟ್ಟಿದ್ದಾರೆಂದು ನನಗೆ ತೋರಿಸಲಿಲ್ಲ. ಇದು ಮಾತ್ರ ಖರೇನೇ ಗೊತ್ತಿಲ್ಲ.

ದ್ರಾಕ್ಷಾಯಣಿ


ಗಜೇಂದ್ರಗಡ
2 ಮೇ 2024

ಚಿ. ದ್ರಾಕ್ಷಾಯಣಿಗೆ,

ನಿನ್ನ ಪತ್ರವನ್ನು ಹೀನಾ ಓಣಿಗೆಲ್ಲ ಗಟ್ಟಿಯಾಗಿ ಓದಿದಳು. ನನಗೆ ಕೇಳಿಸಲಿಲ್ಲ, ಆದರೆ ಎಲ್ಲರ ಮುಖ ನೋಡುತ್ತಾ ಕೂತಿದ್ದೆ; ಯಾವ ಸಾಲು ಬಂತು ಎಂದು ತಿಳಿಯುತ್ತಿತ್ತು. ನಿನ್ನ ಅಪ್ಪ ಕಣ್ಣಲ್ಲಿ ಕಸ ಬಿತ್ತೆಂದು ಹೊರಗೆ ಹೋದ. ತಪ್ಪು ಹನ್ನೊಂದು ಇವೆ. ಈ ಸಲ ತಿದ್ದುವುದಿಲ್ಲ.

ಡಬ್ಬಿ ನಿನ್ನೆ ಬಂತು. ಮುಚ್ಚಳ ತೆಗೆದರೆ ಕರವಸ್ತ್ರದಲ್ಲಿ ಸುತ್ತಿದ ಕಪ್ಪು ಬ್ರೆಡ್ಡು, ಐದು ತುಂಡು. ಆಕೆಯ ಖಾನೆಯದೇ ಇರಬೇಕು. ಬೀಸುಕಲ್ಲಿಗೆ ಹಾಕಿದರೂ ಕಲ್ಲೇ ಸವೆಯುವಷ್ಟು ಗಟ್ಟಿ. ಬಿಸಿ ಚಹಾದಲ್ಲಿ ನೆನೆಸಿ, ಚೂರು ಚೂರು ಮಾಡಿ ಏಳೂ ಮನೆಗೆ ಕೊಟ್ಟೆ. ಹುಳಿ ಇದೆ ಎಂದಳು ಹೀನಾ, ಆದರೂ ಬೆರಳು ನೆಕ್ಕಿದಳು. ನಿನ್ನ ಮಾಮಾ "ಆನಿಗೆ ಒಂದು ಚೂರು ಹೆಂಗ ಸಾಲತೈತಿ?" ಎಂದು ಎರಡನೇ ಸಲ ಕೈ ಒಡ್ಡಿದ.

ಹೆಡ್ವಿಗಮ್ಮನಿಗೆ ಹೇಳು, ಹಸಿವು ನಮಗೂ ಗೊತ್ತು. ನನ್ನವ್ವ ಬರಗಾಲದಲ್ಲಿ ಕಂಡಿದ್ದಳು, ಅದಕ್ಕೇ ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಅದನ್ನು ನಾವು ಹೆಚ್ಚು ಮಾತಾಡುವುದಿಲ್ಲ. ಬಂದವರಿಗೆಲ್ಲ ಇನ್ನೊಂದು ರೊಟ್ಟಿ ಹಾಕುತ್ತೇವೆ. ಆಕೆ ತಪ್ಪು ತಿಳಿದಿರಲಿಲ್ಲ, ಅರ್ಧ ತಿಳಿದಿದ್ದಳು. ನಾವೂ ಅಷ್ಟೇ.

ಬೇಸಿಗೆ ಬಂತು, ಕೌದಿ ಹೊಲಿಯುವ ದಿನ. ಮುಂದಿನ ಚಳಿಗೆ ನಿನಗೊಂದು ಹೊಲಿಯುತ್ತಿದ್ದೇನೆ. ನಡುವೆ ಆ ಸ್ವೆಟರಿನ ತೋಳು ಕೂಡ ಸೇರಿಸಿದ್ದೇನೆ, ಕೆಳಗಿನ ಮೂಲೆಗೆ ಒಂದು ತುಂಡು ಕಪ್ಪು ಬ್ರೆಡ್ಡು ಉಳಿಸಿಟ್ಟಿದ್ದೇನೆ. ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ, ಈ ಸಲ ಗೊತ್ತಿಲ್ಲ ಅನ್ನಬೇಡ.

ಸಕ್ಕೂಬಾಯಿ